ಕೂಗಲು ಬರುವ ಹೆಸರು

ಕಳೆದ ಭಾನುವಾರ ಬೆಳಿಗ್ಗೆ ನಾನು ಜಗಲಿಯ ಮೇಲೆ ಕನ್ನಡಿ ನಿಲ್ಲಿಸಿಕೊಂಡು ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದಾಗ, ಹಿಂದಿನ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಯುವದಂಪತಿಗಳು ತಮ್ಮ ಶಿಶುವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು, ಅದರ ಹೆಸರಿನ ಬಗ್ಗೆ ಅಭಿಪ್ರಾಯ ಹೇಳಬೇಕೆಂದು ಕೇಳಿಕೊಂಡರು. ಹೀಗೆ ಬರುವವರು ನನಗೇನೂ ಅಪರೂಪವಲ್ಲ. ಪೀಣ್ಯದ ಕಾರ್ಖಾನೆಗಳ ನಡುವೆ ಹೇಗೋ ಉಳಿದುಕೊಂಡಿರುವ ನಮ್ಮ ಹಳ್ಳಿಯಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು ಎಂದರೆ ಹೆಸರುಗಳ ದಾಸ್ತಾನು ಇಟ್ಟುಕೊಂಡವನು ಎಂಬ ನಂಬಿಕೆಯಿದೆ. ಸೊಸೈಟಿಯಲ್ಲಿ ಸಕ್ಕರೆ ಮುಗಿದುಹೋಗಬಹುದು, ನನ್ನಲ್ಲಿ ನಾಮಧೇಯಗಳು ಮುಗಿಯುವುದಿಲ್ಲ. ಹಳೆಯ ಚಾಳಿಯಂತೆ ನಾನು ಮುಖದ ನೊರೆಯನ್ನೂ ಒರೆಸಿಕೊಳ್ಳದೆ ಅನಿರುದ್ಧ, ಪ್ರದ್ಯುಮ್ನ, ಹಿರಣ್ಯಗರ್ಭ ಎಂದು ಶುರುಮಾಡಿದೆ. ಗಂಡ ಬಹಳ ವಿನಯದಿಂದ ತಡೆದ.

"ಅಷ್ಟುದ್ದ ಬೇಡ ಸಾರ್. ನಾವು ಬಂಟಿ ಅಂತ ಅಂದ್ಕೊಂಡ್ಬಿಟ್ಟಿದೀವಿ. ನೀವೊಂದ್ಸಲ ಚೆನ್ನಾಗಿದೆ ಅಂದ್ಬಿಟ್ರೆ ಸಾಕು."

ಬಂಟಿ! ಮುದ್ದಿಗೆ ಕರೆಯುವ ಹೆಸರಲ್ಲ, ತೊಟ್ಟಿಲಿನಲ್ಲಿ ಇಡುವ ಹೆಸರೇ ಬಂಟಿ. ಈಚೆಗೆ ನಮ್ಮ ಸುತ್ತಮುತ್ತ ಇಂಥವೇ ಹುಟ್ಟುತ್ತಿವೆ. ಲೇತ್ ಕೆಲಸದವನ ಮಗಳು ಪಿಂಕಿ, ವೆಲ್ಡರನ ಮಗ ಬಬ್ಲು, ಪಕ್ಕದ ಓಣಿಯ ಅವಳಿಜವಳಿಗಳು ಟಿಂಕು ಮತ್ತು ಡಾಲಿ. ಈ ಮಕ್ಕಳು ಮುಂದೆ ಮುದುಕರಾಗಿ, ಹಲ್ಲುದುರಿ, ಮೊಮ್ಮಕ್ಕಳ ಬಾಯಲ್ಲಿ ಬಬ್ಲುತಾತ, ಪಿಂಕಜ್ಜಿ ಎಂದು ಕರೆಸಿಕೊಳ್ಳುವ ದೃಶ್ಯವನ್ನು ನೆನೆದು ನಾನು ಒಬ್ಬನೇ ನಕ್ಕದ್ದುಂಟು. ನಮ್ಮ ಹಿರಿಯರು ಬೆಳೆಯುವ ಮಕ್ಕಳಿಗೆ ಅಂಗಿ ಹೊಲಿಸುವ ಹಾಗೆ ಹೆಸರನ್ನೂ ದೊಡ್ಡದಾಗಿಯೇ ಇಡುತ್ತಿದ್ದರು, ಹುಡುಗ ಎಂದಾದರೊಂದು ದಿನ ಅದಕ್ಕೆ ಸರಿಹೋದಾನೆಂಬ ಭರವಸೆಯಿಂದ. ನನ್ನ ತಾತ ನನಗಿಟ್ಟ ಹೆಸರು ವೇಣುಗೋಪಾಲಕೃಷ್ಣಮೂರ್ತಿ. ಅಷ್ಟು ಭವ್ಯವಾದ ನಾಮಧೇಯವನ್ನು ನನ್ನ ಅಜ್ಜಿ ಹನ್ನೊಂದನೆಯ ದಿನವೇ ಕತ್ತರಿಸಿ ಕಿಟ್ಟಿ ಎಂದು ಮಾಡಿದಳು. ಉಳಿದ ಅಕ್ಷರಗಳೆಲ್ಲ ಎಲ್ಲಿ ಹೋದವೋ ನನಗೆ ತಿಳಿಯದು. ಅಂಗಿಯಂತೂ ಇಂದಿಗೂ ನನಗೆ ದೊಗಳೆಯೇ.

ಈ ವಿಷಯದಲ್ಲಿ ನನ್ನದೊಂದು ಸಿದ್ಧಾಂತವಿತ್ತು, ಮತ್ತು ಕೇಳುವವರು ಸಿಕ್ಕರೆ ಅದನ್ನು ಉಪನ್ಯಾಸದ ರೂಪದಲ್ಲಿ ಒಪ್ಪಿಸುವ ಚಪಲವೂ ಇತ್ತು. ಹ್ರಸ್ವನಾಮವೆಂಬುದು ವಾತ್ಸಲ್ಯದ ಸಂಪಾದನೆ. ಎತ್ತಿಕೊಂಡು, ಉಣ್ಣಿಸಿ, ರಮಿಸಿ, ಗದರಿಸಿ, ನಾಲಿಗೆಗೆ ಅಭ್ಯಾಸವಾಗಿ ತಾನಾಗಿ ಸವೆದು ಬರಬೇಕಾದದ್ದು. ಅದನ್ನೇ ಮೊದಲು ಇಟ್ಟುಬಿಟ್ಟರೆ ಮುಂದೆ ಪ್ರೀತಿ ಉಕ್ಕಿದಾಗ ಮೊಟಕು ಮಾಡುವುದಕ್ಕೆ ಏನು ಉಳಿಯುತ್ತದೆ? ಹೀಗೆಂದು ನಾನು ಎಷ್ಟೋ ತಂದೆತಾಯಿಗಳನ್ನು ಬೆಚ್ಚಿಬೀಳಿಸಿ, ಅವರ ಮಕ್ಕಳಿಗೆ ದೀರ್ಘಸಮಾಸಗಳನ್ನು ಕಟ್ಟಿ ಕಳಿಸಿದ್ದೇನೆ. ಈಗ ಆ ಉಪನ್ಯಾಸ ಮಾಡುವುದಿಲ್ಲ. ಅದಕ್ಕೆ ಕಾರಣ ನಮ್ಮ ಬಾಡಿಗೆ ಮನೆಯ ಯಜಮಾನಿ ಗೌರಮ್ಮನವರು. ಅವರ ವಿಷಯ ಹೇಳದೆ ನಾನು ಬಂಟಿಯ ಬಗ್ಗೆ ಏನನ್ನೂ ಹೇಳಲಾರೆ.

ನಾನು ವರ್ಗವಾಗಿ ಈ ಊರಿಗೆ ಬಂದಾಗ, ಅಂದರೆ ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಗೌರಮ್ಮನವರು ತಮ್ಮ ಮನೆಯ ಪಕ್ಕದ ದನದ ಕೊಟ್ಟಿಗೆಯನ್ನು ಎರಡು ಕೋಣೆಯ ಮನೆಯಾಗಿ ಮಾಡಿಸಿ ನಮಗೆ ಬಾಡಿಗೆಗೆ ಕೊಟ್ಟರು. ಹೊಲವೆಲ್ಲ ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ಹೊಲವಿಲ್ಲದ ಮೇಲೆ ದನಗಳೇಕೆ, ದನಗಳಿಲ್ಲದ ಮೇಲೆ ಕೊಟ್ಟಿಗೆಯೇಕೆ, ಹಾಗಾಗಿ ಆ ಸ್ಥಾನಕ್ಕೆ ನಾನು ಬಂದೆ. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದರು. ಇದ್ದವನು ಒಬ್ಬನೇ ಮಗ. ಅವರ ರಾಗಿ ಹೊಲದ ಮೇಲೆಯೇ ಎದ್ದುನಿಂತ ಒಂದು ಕಾರ್ಖಾನೆಯಲ್ಲಿ ಅವನಿಗೆ ಬಾಯ್ಲರ್ ನೋಡಿಕೊಳ್ಳುವ ಕೆಲಸವಾಗಿತ್ತು. ಗೌರಮ್ಮನವರ ಮಟ್ಟಿಗೆ ಅವನು ಇನ್ನೂ ಹೊಲಕ್ಕೇ ಹೋಗುತ್ತಿದ್ದ. "ಬಾವಿತಾವ ಗೇಟ್ ಮಡಗವ್ರೆ" ಎನ್ನುತ್ತಿದ್ದರು. ಆ ಬಾವಿ ಮುಚ್ಚಿ ವರ್ಷಗಳೇ ಕಳೆದಿದ್ದವು.

ಗೌರಮ್ಮನವರ ಮಾವನ ಹೆಸರು ಮುನಿಶಾಮಪ್ಪ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಎತ್ತಕೂಡದು. ಇದು ಎಲ್ಲ ಕಡೆಯೂ ಇದ್ದದ್ದೇ ಆದರೂ, ನಮ್ಮ ಗೌರಮ್ಮನವರು ಅದನ್ನು ಪಾಲಿಸಿದ ಶ್ರದ್ಧೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾರಾದರೂ ಆ ಹೆಸರನ್ನು ಉಚ್ಚರಿಸಿದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಆ ಹಿರಿಯರು ಬಾಗಿಲಲ್ಲೇ ಬಂದು ನಿಂತಿದ್ದಾರೋ ಎಂಬಂತೆ ತಲೆ ತಗ್ಗಿಸುತ್ತಿದ್ದರು. ಆ ಹಿರಿಯರು ಸತ್ತು ಎಷ್ಟೋ ಕಾಲವಾಗಿತ್ತು ಎನ್ನುವುದು ಬೇರೆ ಮಾತು. ತೊಂದರೆಯೇನೆಂದರೆ ಈ ಸೀಮೆಯಲ್ಲಿ ಮುನಿ ಸೇರದ ಹೆಸರು ಸಿಗುವುದು ಕಷ್ಟ. ಬೇಗೂರಿನಲ್ಲಿದ್ದ ಮೈದುನ ಮುನಿರಾಜಪ್ಪನವರು ಆಕೆಯ ಬಾಯಲ್ಲಿ ಬರೀ "ಬೇಗೂರೋರು" ಆದರು. ಕುಲದೇವರಾದ ಮುನೇಶ್ವರ "ಮರದಡಿ ದೇವ್ರು" ಆದ. ಅಷ್ಟೇಕೆ, ಮುನಿಸಿಕೊಂಡರು ಎನ್ನುವ ಬಡಪಾಯಿ ಕ್ರಿಯಾಪದಕ್ಕೂ ಆ ಮನೆಯಲ್ಲಿ ಪ್ರವೇಶವಿರಲಿಲ್ಲ. ಯಾರು ಮುನಿಸಿಕೊಂಡರೂ "ಮೂತಿ ಊದಿಸ್ಕಂಡವ್ರೆ" ಎಂದೇ ಹೇಳುತ್ತಿದ್ದರು. ನಾನೂ ನನ್ನ ಹೆಂಡತಿಯೂ ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ನೆನೆಸಿಕೊಂಡು ಸದ್ದಿಲ್ಲದೆ ನಗುತ್ತಿದ್ದೆವು.

ಹಿರಿಯ ಮೊಮ್ಮಗನಿಗೆ ತಾತನ ಹೆಸರಿಡುವುದು ಅವರಲ್ಲಿ ಪದ್ಧತಿ. ಹೀಗಾಗಿ ಗೌರಮ್ಮನವರ ಮಗನಿಗೂ ತೊಟ್ಟಿಲಲ್ಲಿ ಮುನಿಶಾಮಪ್ಪ ಎಂದೇ ಇಟ್ಟರು. ಹೆತ್ತವಳು ಆ ಕ್ಷಣದಿಂದಲೇ ತನ್ನ ಮಗುವನ್ನು ಹೆಸರು ಹಿಡಿದು ಕರೆಯುವ ಹಕ್ಕು ಕಳೆದುಕೊಂಡಳು, ಮತ್ತು ಅದನ್ನು ಯಾರೂ ವಿಶೇಷವೆಂದು ಎಣಿಸಲಿಲ್ಲ. ಆಕೆ ಅವನನ್ನು ಪಾಪು ಎಂದು ಕರೆದರು. ನಡೆಯಲು ಕಲಿತಾಗ ಪಾಪು, ಮೀಸೆ ಬಂದಾಗ ಪಾಪು, ಬಾಯ್ಲರಿನ ಮಸಿ ಬಳಿದ ಖಾಕಿ ಷರಟು ತೊಟ್ಟು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರವಾದಾಗಲೂ ಪಾಪು. ನಾವೂ ಹಾಗೆಯೇ ಕರೆದೆವು. ಮುನಿಶಾಮಪ್ಪ ಎಂಬವನು ಕಾರ್ಖಾನೆಯಲ್ಲಿ ಮಾತ್ರ ಇದ್ದ. ಗೇಟು ದಾಟಿ ಊರೊಳಗೆ ಬಂದರೆ ಅವನು ಪಾಪು. ಸಾಯಂಕಾಲ ಸೈರನ್ ಆದ ಕೂಡಲೇ ಗೌರಮ್ಮನವರು ಜಗಲಿಗೆ ಬಂದು ನಿಂತು, ರಸ್ತೆಯ ತಿರುವಿನಲ್ಲಿ ಅವನ ಸೈಕಲ್ ಕಂಡರೂ ಕಾಣದಿದ್ದರೂ, "ಪಾಪೂ" ಎಂದು ಒಂದು ಸಲ ಕೂಗುತ್ತಿದ್ದರು. ಅಷ್ಟು ದೊಡ್ಡ ಆಳು ನಾಚಿಕೊಂಡು, "ಬಂದೆ ಕಣವ್ವೋ, ಎಲ್ರೂ ನೋಡ್ತಾವ್ರೆ" ಎನ್ನುತ್ತ ಬೇಗ ಬೇಗ ತುಳಿಯುತ್ತಿದ್ದ.

ಅವನ ಮದುವೆಯಾಯಿತು. ಹುಡುಗಿ ಜಯಾ, ಸರ್ಜಾಪುರದ ಕಡೆಯವಳು. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಹೋಗಿದ್ದ ಸಮಯದಲ್ಲಿ, ನಮ್ಮ ಶಾಲೆಗೆ ಬೇಸಿಗೆ ರಜವಿದ್ದಾಗ, ಒಂದು ಮಧ್ಯಾಹ್ನ ಸೈರನ್ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ಅದು ನಿಲ್ಲಲೇ ಇಲ್ಲ. ಬಾಯ್ಲರ್ ಸಿಡಿಯಿತಂತೆ ಎಂದು ಯಾರೋ ಬೀದಿಯಲ್ಲಿ ಓಡುತ್ತ ಹೇಳಿದರು. ಗೌರಮ್ಮನವರು ಒನಕೆ ಕೆಳಗಿಟ್ಟು ನಡೆದರು; ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದೆ.

ಗೇಟಿನ ಮುಂದೆ ಜನ ಸೇರಿತ್ತು. ಒಳಗಿನಿಂದ ಒಬ್ಬ ಅಧಿಕಾರಿ ಬಂದು, ಕಾವಲುಗಾರನ ಸ್ಟೂಲಿನ ಮೇಲೆ ಹತ್ತಿ ನಿಂತು, ತಾನು ಹೆಸರು ಕೂಗಿದವರ ಮನೆಯವರು ಮಾತ್ರ ಒಳಗೆ ಬರಬೇಕೆಂದು ಹೇಳಿದ. ಮೊದಲು ಒಂದು ತಮಿಳು ಹೆಸರು ಕೂಗಿದ. ಜನರ ನಡುವಿನಿಂದ ಒಬ್ಬ ಹೆಂಗಸು ಚೀರಿಕೊಂಡು ಮುಂದೆ ಹೋದಳು. ಆಮೇಲೆ ಕೂಗಿದ.

"ಮುನಿಶಾಮಪ್ಪ! ಮುನಿಶಾಮಪ್ಪನ ಮನೆಯೋರು ಯಾರಿದೀರಾ?"

ಗೌರಮ್ಮನವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದರು.

ನಾನು ಅದನ್ನು ಕಣ್ಣಾರೆ ಕಂಡೆ. ಆ ಗದ್ದಲದಲ್ಲಿ, ಆ ಹೊಗೆಯ ವಾಸನೆಯಲ್ಲಿ, ಅಷ್ಟು ಜನರ ನೂಕಾಟದಲ್ಲಿ, ಅವರ ಕೈ ತಾನಾಗಿ ಮೇಲೆದ್ದು ಸೆರಗನ್ನು ಹಣೆಯವರೆಗೆ ತಂದಿತು. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸ್ವಲ್ಪ ಗೆಲುವಿತ್ತು.

"ನಮ್ ಪಾಪು ಎಸ್ರು ಕೂಗ್ಲಿಲ್ಲ ಅಲ್ವಾ ಮೇಷ್ಟ್ರೆ? ಸದ್ಯ, ಮರದಡಿ ದೇವ್ರು ಕಾಪಾಡ್ದ."

ಓದುಗ ಮಹಾಶಯರೇ, ಮಗನಿಗೆ ಇನ್ನೊಂದು ಹೆಸರಿದೆಯೆಂಬುದು ಆಕೆಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಗೊತ್ತಿತ್ತು. ಆದರೆ ತಲೆಗೆ ಗೊತ್ತಿರುವುದು ಬೇರೆ, ಕಿವಿಗೆ ಗೊತ್ತಿರುವುದು ಬೇರೆ. ಆ ಕಿವಿಗೆ ಆ ಹೆಸರು ಹುಟ್ಟಿನಿಂದಲೂ ಮಗನದಾಗಿರಲಿಲ್ಲ; ಅದು ಕೇಳಿದೊಡನೆ ಸೆರಗೆಳೆದುಕೊಳ್ಳಬೇಕಾದ ಶಬ್ದವಾಗಿತ್ತು, ಅಷ್ಟೆ. ಅಧಿಕಾರಿ ಇನ್ನೊಮ್ಮೆ ಕೂಗಿದ. ಆಕೆ ಇನ್ನೊಮ್ಮೆ ಸೆರಗು ಸರಿಮಾಡಿಕೊಂಡು, ಪಾಪುವಿನ ಸರದಿ ಬಂದೀತೆಂಬ ಭಯದಿಂದ, ಬಾರದಿರಲೆಂಬ ಆಸೆಯಿಂದ, ಆ ಸ್ಟೂಲಿನ ಕಡೆಗೇ ನೋಡುತ್ತ ನಿಂತರು. ನಾನು ಅವರ ತೋಳು ಹಿಡಿದು ಹೇಳಿದೆ.

"ಗೌರಮ್ಮನವರೇ, ಅವರು ಕೂಗ್ತಿರೋದು ನಿಮ್ಮ ಮಾವನವರನ್ನಲ್ಲ. ನಮ್ಮ ಪಾಪೂನ."

ಆಕೆ ನನ್ನನ್ನು ನೋಡಿದರು. "ಅವ್ನ್ ಎಸ್ರು ಪಾಪು ಅಲ್ವಾ ಮೇಷ್ಟ್ರೆ?" ಎಂದರು.

ನಾನು ಕೈಹಿಡಿದು ಮುಂದೆ ಕರೆದುಕೊಂಡು ಹೋದೆ. ಯಾರ ತಾಯಿಯಮ್ಮಾ ನೀವು, ಹೆಸರು ಹೇಳಿ, ಹೆಸರು ಹೇಳದೆ ಒಳಗೆ ಬಿಡುವ ಹಾಗಿಲ್ಲ ಎಂದ ಕಾವಲುಗಾರ. ಗೌರಮ್ಮನವರು ಬಾಯಿ ತೆರೆದರು, ತುಟಿಗಳು ಅಲುಗಾಡಿದವು, ಸದ್ದು ಬರಲಿಲ್ಲ. ಮಗ ಒಳಗೆ ಮಲಗಿದ್ದ, ಹೊರಗೆ ತಾಯಿ ಅವನ ಹೆಸರು ಹೇಳಲಾರದೆ ನಿಂತಿದ್ದರು. ಒಬ್ಬ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಅನ್ಯಾಯವನ್ನು ನಮ್ಮ ಪದ್ಧತಿಗಳಾಗಲಿ ಅವರ ಯಂತ್ರಗಳಾಗಲಿ ಮಾಡಲಾರವೆಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆಕೆಯ ಬದಲು ನಾನೇ ಹೇಳಿದೆ. ಮುನಿಶಾಮಪ್ಪನ ತಾಯಿ ಎಂದೆ. ಆಕೆ ಸೆರಗನ್ನು ಮುಖ ಮುಚ್ಚುವವರೆಗೂ ಎಳೆದುಕೊಂಡು, ನನ್ನ ಕೈ ಬಿಟ್ಟು, ಒಬ್ಬರೇ ಒಳಗೆ ನಡೆದರು.

ಮಾರನೆಯ ದಿನ ಮನೆಯ ಮುಂದೆ ಚಪ್ಪರದ ಕೆಳಗೆ ಕುಳಿತು ಅವರು ಪಾಪು, ಪಾಪು ಎಂದು ಎದೆ ಬಡಿದುಕೊಂಡು ಅತ್ತರು. ಅವರಿಗೆ ಅಳುವುದಕ್ಕೆ ಇದ್ದ ಹೆಸರು ಅದೊಂದೇ. ತುಮಕೂರು ರಸ್ತೆಯ ಕಡೆಗೆ ಸೊಪ್ಪಿನ ಕುಕ್ಕೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಬೇಲಿಯ ಹತ್ತಿರ ನಿಂತು, ಅಯ್ಯೋ ಎಂದು ಲೊಚಗುಟ್ಟಿ, "ಎಷ್ಟ್ ತಿಂಗ್ಳ ಕೂಸಕ್ಕಾ?" ಎಂದು ನನ್ನ ಹೆಂಡತಿಯನ್ನು ಕೇಳಿದಳು. "ಹೋದ ವರ್ಷ ಮದುವೆಯಾದ ಕೂಸಮ್ಮಾ" ಎಂದಳು ನನ್ನ ಹೆಂಡತಿ. ಸೊಪ್ಪಿನವಳಿಗೆ ಅರ್ಥವಾಗಲಿಲ್ಲ. ಅವಳು ಕುಕ್ಕೆ ಇಳಿಸದೆಯೇ ಮುಂದೆ ಹೋದಳು.

ಆ ಮಳೆಗಾಲದಲ್ಲಿ ಜಯಾ ಗಂಡುಮಗುವನ್ನು ಎತ್ತಿಕೊಂಡು ಸರ್ಜಾಪುರದಿಂದ ಬಂದಳು. ನಾಮಕರಣದ ಮಾತೆದ್ದಾಗ ಬೇಗೂರಿನ ಮುನಿರಾಜಪ್ಪನವರು ನಮ್ಮ ಜಗಲಿಯ ಮೇಲೆಯೇ ಕುಳಿತು, ಈ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲವೆಂದು ಸಾರಿದರು. ಅದು ಮುತ್ತಾತನ ಹೆಸರು, ತೀರಿಕೊಂಡ ಅಪ್ಪನ ಹೆಸರೂ ಹೌದು, ಮಗುವಿಗೆ ಅದನ್ನೇ ಇಡಬೇಕು. "ಮನೆ ಎಸ್ರು ಉಳೀಬ್ಯಾಡ್ವಾ ಮೇಷ್ಟ್ರೆ, ನೀವೇ ಏಳಿ" ಎಂದರು. ಆ ಮನುಷ್ಯನ ದುಃಖವೂ ಸುಳ್ಳಲ್ಲ. ಆದರೆ ನಾನು ಮನಸ್ಸಿನಲ್ಲೇ ನೋಡಿಕೊಂಡೆ: ಅಜ್ಜಿಗೆ ಅದು ಮಾವನ ಹೆಸರು, ತಾಯಿಗೆ ಗಂಡನ ಹೆಸರು. ಗಂಡನ ಹೆಸರನ್ನೂ ಹೆಂಡತಿ ಎತ್ತುವ ಹಾಗಿಲ್ಲ. ಕರೆಯಲು ಗಂಡನೇ ಇಲ್ಲವಾದ ಮೇಲೂ ಆ ನಿಷೇಧ ಮಾತ್ರ ಹಾಗೆಯೇ ಉಳಿದಿತ್ತು. ಮಗುವನ್ನು ಬೆಳೆಸಬೇಕಾದ ಇಬ್ಬರು ಹೆಂಗಸರಲ್ಲಿ ಒಬ್ಬರೂ ಅದರ ಹೆಸರನ್ನು ಬಾಯಲ್ಲಿ ತರುವಂತಿರಲಿಲ್ಲ.

ನಾಮಕರಣದ ಹಿಂದಿನ ಸಂಜೆ ಗೌರಮ್ಮನವರು ಬಂದು ನಮ್ಮ ಹೊಸಿಲ ಹೊರಗೆ ಕುಳಿತರು. ನನ್ನ ಹೆಂಡತಿ ಕೊಟ್ಟ ಕಾಫಿ ಅವರ ಮುಂದೆಯೇ ಆರಿತು. ಮನೆಯ ಹಿರಿಯರ ಮಾತಿಗೆ ಎದುರಾಡಿ ಗೊತ್ತಿಲ್ಲದ ಹೆಂಗಸು ನೆಲ ನೋಡುತ್ತಲೇ ಮಾತಾಡಿದರು.

"ಮೇಷ್ಟ್ರೆ, ನಂಗೆ ಕೂಗಾಕೆ ಬರೋ ಎಸ್ರು ಬೇಕು. ಮನೇಲಿ ಕೂಗೋದೂ ಅದೇ ಆಗಿರ್ಬೇಕು, ನಾಳೆ ಆ ಗೇಟ್ನಾಗೆ ಕೂಗೋದೂ ಅದೇ ಆಗಿರ್ಬೇಕು. ಕೇಳಿದ್ ತಕ್ಷಣ ನಂಗೆ ಗೊತ್ತಾಗ್ಬೇಕು."

ಆ ಮಾತಿನ ಪೂರ್ಣಾರ್ಥ ನನ್ನೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇನ್ನೂ ಕತ್ತು ನಿಲ್ಲದ ಮಗುವದು. ಅದು ಓದಿ ದೊಡ್ಡ ಮನುಷ್ಯನಾದೀತು, ಬೇರೆ ಊರು ಸೇರೀತು, ಆ ಗೇಟಿನ ಕಡೆ ತಲೆ ಹಾಕದೆ ಬಾಳೀತು ಎಂದು ಅಜ್ಜಿಯಾದವಳು ಆಸೆಪಡಬೇಕಾದ ಹೊತ್ತಿನಲ್ಲಿ, ಗೌರಮ್ಮನವರು ಆ ಗೇಟಿನಲ್ಲಿ ಅದರ ಹೆಸರನ್ನೂ ಒಂದು ದಿನ ಕೂಗಿಯೇ ಕೂಗುತ್ತಾರೆಂದು ನಿಶ್ಚಯಿಸಿಬಿಟ್ಟಿದ್ದರು. ಆಕೆ ಬೇಡುತ್ತಿದ್ದದ್ದು ಇಷ್ಟೇ: ಆ ದಿನ ತನ್ನ ಕೈ ಸುಮ್ಮನೆ ಸೆರಗಿನ ಕಡೆಗೆ ಹೋಗದಿರಲಿ. ನನ್ನ ಅನಿರುದ್ಧರೂ ಹಿರಣ್ಯಗರ್ಭರೂ ಯಾವ ಪ್ರಯೋಜನಕ್ಕೂ ಬರಲಿಲ್ಲ. ಜೀವಮಾನವೆಲ್ಲ ಕೂಡಿಟ್ಟ ಶಬ್ದಸಂಪತ್ತು ಎಷ್ಟು ನಿಷ್ಪ್ರಯೋಜಕವಾಗಬಲ್ಲದೆಂದು ಆ ಸಂಜೆ ತಿಳಿಯಿತು.

"ಪಾಪು ಅಂತ್ಲೇ ಇಟ್ರೆ ಜನ ನಗ್ತಾರಾ ಮೇಷ್ಟ್ರೆ?" ಎಂದು ಅವರೇ ಕೇಳಿದರು.

"ನಗಲಿ ಬಿಡಿ" ಎಂದೆ.

ಮರುದಿನ ತೊಟ್ಟಿಲಿನಲ್ಲಿ ಮಗುವಿನ ಕಿವಿಗೆ ಬಾಯಿಟ್ಟು ಆ ಹೆಸರನ್ನು ಮೂರು ಸಲ ಹೇಳಿದವರು ಗೌರಮ್ಮನವರೇ. ಮುನಿರಾಜಪ್ಪನವರು ಎಲೆಯ ಮುಂದೆ ಮೂತಿ ಊದಿಸಿಕೊಂಡು ಕುಳಿತಿದ್ದರು; ಪಾಯಸ ಮುಟ್ಟಲಿಲ್ಲ. ಜಯಾ ಒಳಗಿನ ಗೋಡೆಗೊರಗಿ, ತಾನೂ ಆ ಹೆಸರನ್ನು ತುಟಿಯಲ್ಲೇ ಹೇಳಿ ನೋಡಿಕೊಂಡಳು. ಹೇಳಲು ಬಂತು. ಅವಳು ಅಷ್ಟಕ್ಕೇ ಅಳತೊಡಗಿದಳು.

ಆ ಮಗುವೀಗ ಒಂದನೇ ತರಗತಿಗೆ ಹೋಗುತ್ತದೆ. ಹಾಜರಿ ಕೂಗುವಾಗ ಪಾಪು ಎಂದೊಡನೆ ಇಡೀ ತರಗತಿ ಗೊಳ್ಳೆನ್ನುತ್ತದಂತೆ. ಇದೆಂಥ ಹೆಸರು ಸಾರ್, ನಿಮ್ಮಂಥ ಪಂಡಿತರು ಪಕ್ಕದಲ್ಲೇ ಇದ್ದೂ ಹೀಗೆ ಬಿಟ್ಟಿದ್ದೀರಲ್ಲ ಎಂದು ಅಲ್ಲಿನ ಮೇಡಂ ನನ್ನನ್ನು ಆಕ್ಷೇಪಿಸಿದ್ದಾರೆ. ಅಂತೂ ಆ ಮನೆಯಲ್ಲಿ ಈಗ ಒಬ್ಬನಿಗೆ ಒಂದೇ ಹೆಸರು. ಅದರಿಂದ ಯಾರಿಗಾದರೂ ನೆಮ್ಮದಿಯಾಯಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಹೆಸರು ಬದಲಾಯಿತು, ಗೇಟು ಇದ್ದಲ್ಲಿಯೇ ಇದೆ. ಹೊಸ ಬಾಯ್ಲರ್ ಬಂದಿದೆ. ಸೈರನ್ ಹೊತ್ತಿಗೆ ಸರಿಯಾಗಿ ಕೂಗುತ್ತದೆ. ಹೆಸರು ಕರೆಯುವುದಕ್ಕೆ ಮಾತ್ರ, ಕಾಯುವುದಕ್ಕೆ ಅಲ್ಲ. ಹೋದವರನ್ನು ಅದು ತಿರುಗಿ ತರಲಾರದು, ಇರುವವರನ್ನು ಹಿಡಿದಿಡಲಾರದು. ಇಷ್ಟು ತಿಳಿಯುವುದಕ್ಕೆ ನನಗೆ ಇಷ್ಟು ಕಾಲ ಬೇಕಾಯಿತು, ತಿಳಿದು ಏನೂ ಉಪಯೋಗವಾಗಲಿಲ್ಲ.

ಭಾನುವಾರ ಬಂದ ಆ ದಂಪತಿಗಳು ಇನ್ನೂ ನಿಂತೇ ಇದ್ದರು. ನನ್ನ ಮುಖದ ಸೋಪು ಒಣಗಿ ಚರ್ಮವನ್ನು ಜಗ್ಗುತ್ತಿತ್ತು. ಸಿದ್ಧಾಂತವನ್ನು ಮಡಿಸಿಟ್ಟು, ಮಗುವಿನ ತಾಯಿಯನ್ನು ಒಂದೇ ಒಂದು ಪ್ರಶ್ನೆ ಕೇಳಿದೆ: ಈ ಹೆಸರನ್ನು ನೀನು ಜೋರಾಗಿ ಕೂಗಬಲ್ಲೆಯಾ ತಾಯಿ? ಅವಳು ಗಂಡನ ಮುಖ ನೋಡಿ, ನಾಚಿ, "ಕೂಗ್ತೀನಿ ಸಾರ್, ಅದಕ್ಕೇನಂತೆ?" ಎಂದಳು. ಹಾಗಾದರೆ ಬಹಳ ಚೆನ್ನಾಗಿದೆ, ಬಂಟಿಯೆಂದೇ ಇಡಿ ಎಂದೆ. ಇಬ್ಬರಿಗೂ ಸಂತೋಷವಾಯಿತು.

ಅಷ್ಟರಲ್ಲಿ ಪಕ್ಕದ ಜಗಲಿಯಿಂದ ಗೌರಮ್ಮನವರು "ಪಾಪೂ" ಎಂದು ಕೂಗಿದರು. ಬೇಲಿಯ ಹತ್ತಿರ ಗೋಲಿ ಆಡುತ್ತಿದ್ದ ಮೊಮ್ಮಗ ಎಲ್ಲವನ್ನೂ ಬಿಟ್ಟು ಓಡಿ ಬಂದು ಅವರ ಮಡಿಲಲ್ಲಿ ಧೊಪ್ಪನೆ ಕುಳಿತ. ಎಷ್ಟು ಮಾತು ಕೇಳುತ್ತದೆ ನೋಡಿ ಮಗು ಎಂದು ಬಂಟಿಯ ತಾಯಿ ಮೆಚ್ಚಿದಳು. ಗೌರಮ್ಮನವರು ಅವನ ತಲೆಯ ಮೇಲೆ ಕೈಯಿಟ್ಟುಕೊಂಡು, ಕಾರ್ಖಾನೆಯ ರಸ್ತೆಯ ತಿರುವಿನ ಕಡೆ ಮುಖ ಮಾಡಿ, ಇನ್ನೊಮ್ಮೆ ಕೂಗಿದರು.

"ಇಲ್ಲೇ ಇವ್ನಿ ಕಣಜ್ಜಿ" ಎಂದ ಹುಡುಗ.

ಅವರು ಕೂಗುತ್ತಲೇ ಇದ್ದರು.